“200 ರೀಫಿಲ್ ಹಿಡಿಸುತ್ತದೆ” ಎನ್ನುವ ಕ್ರೌಡ್‌ಫಂಡಿಂಗ್ ಲೋಹದ ಪೆನ್ನು: ದುಡ್ಡು ಹಾಕುವ ಮುಂಚೆ ಏನೇನು ನೋಡಬೇಕು?

ಗೀಚುಗಾರ

ಎರಡು ಪೆನ್ನುಗಳ ನಡುವೆ ತೂಗಾಡುತ್ತಿದ್ದೇನೆ. ಎರಡೂ ಕ್ರೌಡ್‌ಫಂಡಿಂಗ್‌ನವು, ಅಂದರೆ ಜನರಿಂದ ಮೊದಲೇ ಹಣ ಕೂಡಿಸಿ ಆಮೇಲೆ ಮಾಡುವಂಥವು, ಎರಡೂ ಇನ್ನೂ ತಯಾರಾಗಬೇಕಿವೆ.

ಮೊದಲನೆಯದು ಗ್ರೇಡ್ 5 ಟೈಟಾನಿಯಂ. ಮುಚ್ಚಳ ತಿರುಗಿಸಿ ತೆಗೆಯುವಂಥದ್ದು. ಮೂತಿಯೊಳಗೆ ಸೀಳು ಬಿಟ್ಟ ಕಾಲೆಟ್ ಇದ್ದು, ಬಿಗಿ ಮಾಡಿದಾಗ ಅದು ರೀಫಿಲ್ಲನ್ನು ಸುತ್ತಲಿಂದ ಕಚ್ಚಿ ಹಿಡಿಯುತ್ತದಂತೆ. “200ಕ್ಕೂ ಹೆಚ್ಚು ರೀಫಿಲ್” ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಎರಡನೆಯದು ಪಕ್ಕದಲ್ಲಿರುವ ಬೋಲ್ಟ್ ಎಂಬ ಗುಬ್ಬಿ ಎಳೆದು ತುದಿ ಹೊರತರುವ ಪೆನ್ನು. ಅಲ್ಯೂಮಿನಿಯಂ, ಹಿತ್ತಾಳೆ ಎರಡರಲ್ಲೂ ಸಿಗುತ್ತದೆ. ಹಿಂಬದಿಯ ಸ್ಕ್ರೂ ತಿರುಗಿಸಿ ರೀಫಿಲ್ ಉದ್ದಕ್ಕೆ ಹೊಂದಿಸಿಕೊಳ್ಳಬೇಕು. ಇವರ ಲೆಕ್ಕ “75 ರೀಫಿಲ್”.

ನಾನು ಬಳಸುವುದು ಮುಖ್ಯವಾಗಿ ಪೈಲಟ್ ಜಿ2 0.5 ಜೆಲ್ ರೀಫಿಲ್, ಆಗಾಗ ಬಾಲ್‌ಪಾಯಿಂಟ್ ರೀಫಿಲ್ ಆದ ಜೆಟ್‌ಸ್ಟ್ರೀಮ್ ಎಸ್‌ಎಕ್ಸ್‌ಆರ್-600. ಈ 200, 75 ಎಂಬ ಸಂಖ್ಯೆಗಳಿಗೆ ಎಷ್ಟು ಬೆಲೆ ಕೊಡಬೇಕು? ಬರೆಯುವಾಗ ತುದಿ ಟಕ್‌ಟಕ್ ಎಂದು ಅಲುಗಾಡುತ್ತದೋ ಇಲ್ಲವೋ ಎಂದು ಪುಟ ನೋಡಿಯೇ ಅಂದಾಜಿಸಬಹುದೇ? ಪೆನ್ನು ಕೈಗೆ ಬಂದ ಮೇಲೆ ಏನೇನು ಪರೀಕ್ಷಿಸಬೇಕು?

ವರ್ನಿಯರ್ ರಾಯ

200 ಎಂಬುದನ್ನು ಮೊದಲು ತಲೆಯಿಂದ ತೆಗೆಯಿರಿ. ಅವರು ಎಣಿಸಿರುವುದು ಹೆಸರುಗಳನ್ನು, ಆಕಾರಗಳನ್ನಲ್ಲ. ಪಾರ್ಕರ್ ಮಾದರಿಯ ರೀಫಿಲ್ಲನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಪ್ರತಿ ಕಂಪನಿಯಲ್ಲೂ ಮೂರ್ನಾಲ್ಕು ಬಣ್ಣ, ಎರಡು ಮೂರು ದಪ್ಪ. ಒಂದೇ ಅಳತೆಯ ತೂತು ಕೊರೆದು ನೂರರ ಮೇಲೆ ಲೆಕ್ಕ ತೋರಿಸುವುದು ಇದರಿಂದಲೇ ಸುಲಭ. ಆಕಾರಗಳನ್ನು ಎಣಿಸಿದರೆ ಮುಖ್ಯವಾದವು ಐದಾರು ಅಷ್ಟೇ.

ಪಾರ್ಕರ್ ಮಾದರಿ: ಉದ್ದ ಸುಮಾರು 98 ಮಿ.ಮೀ., ಹೊಟ್ಟೆಯ ದಪ್ಪ ಹೆಚ್ಚೆಂದರೆ 6 ಮಿ.ಮೀ. ನಿಮ್ಮ ಎಸ್‌ಎಕ್ಸ್‌ಆರ್-600, ಷ್ಮಿಟ್ ಈಸಿಫ್ಲೋ 9000, ಹಿಂಬದಿಗೆ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿದ ಫಿಶರ್ ಸ್ಪೇಸ್ ಪೆನ್ ರೀಫಿಲ್ ಎಲ್ಲವೂ ಇದೇ ಜಾತಿ. ಷ್ಮಿಟ್ ಪಿ8126 ಉದ್ದದಲ್ಲಿ ಇದಕ್ಕೆ ಹತ್ತಿರ, ಆದರೆ ಅದರೊಳಗಿರುವುದು ರೋಲರ್‌ಬಾಲ್ ಇಂಕು. ಪೈಲಟ್ ಜಿ2 ಸುಮಾರು 110–111 ಮಿ.ಮೀ. ಪೆಂಟೆಲ್ ಎನರ್‌ಜೆಲ್, ಯೂನಿ ಸಿಗ್ನೋದ ಕ್ಲಿಕ್ ಮಾದರಿಗಳು, ಜೀಬ್ರಾ ಸರಾಸ ಉದ್ದದಲ್ಲಿ ಇದರ ಆಸುಪಾಸಿನವು, ಮೂತಿಯ ಆಕಾರ ಮಾತ್ರ ಒಂದೊಂದರದ್ದು ಒಂದೊಂದು. ಡಿ1 ಎಂಬ ಪುಟಾಣಿ ಕಡ್ಡಿ 67 ಮಿ.ಮೀ. ಉದ್ದ, 2.35 ಮಿ.ಮೀ. ದಪ್ಪ. ಕ್ರಾಸ್‌ನ ಬಾಲ್‌ಪಾಯಿಂಟ್ ರೀಫಿಲ್‌ಗೆ ಹಿಂಬದಿಯಲ್ಲಿ ಸ್ಕ್ರೂವಿನಂಥ ಥ್ರೆಡ್ ಇದೆ, ಲ್ಯಾಮಿಯ ಎಂ16 ತನ್ನದೇ ಆಕಾರದ್ದು. ಇವೆರಡು ಎಲ್ಲರ ಪಟ್ಟಿಯಲ್ಲೂ ಇರುವುದಿಲ್ಲ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ಐಎಸ್‌ಒ 12757 ಎಂಬ ಬಾಲ್‌ಪಾಯಿಂಟ್ ರೀಫಿಲ್ ಮಾನದಂಡದಲ್ಲಿ ಪಾರ್ಕರ್ ಮಾದರಿಯ ಹೆಸರೇ ಜಿ2. ಪೈಲಟ್ ಕಂಪನಿಯ ಜಿ2 ಬೇರೆಯೇ. ಪುಟದಲ್ಲಿ ಬರೀ “ಜಿ2 ಹಿಡಿಸುತ್ತದೆ” ಎಂದಿದ್ದರೆ 98 ಮಿ.ಮೀ.ಯದೋ 111 ಮಿ.ಮೀ.ಯದೋ ಎಂದು ಕೇಳಿ. ಉತ್ತರ ಬರುವ ರೀತಿಯಲ್ಲೇ ಅವರಿಗೆ ವಿಷಯ ಎಷ್ಟು ಗೊತ್ತು ಎಂಬುದೂ ತಿಳಿಯುತ್ತದೆ.

ರೀಫಿಲ್ ಹೊಂದುವುದು ಮೂರು ಅಳತೆಗಳ ಮೇಲೆ ನಿಂತಿದೆ: ತುದಿಯ ಲೋಹದ ದಪ್ಪ, ತುದಿಯಿಂದ ಹೆಗಲಿನವರೆಗಿನ ದೂರ, ಒಟ್ಟು ಉದ್ದ. ಹೆಗಲು ಎಂದರೆ ತೆಳು ಮೂತಿ ಮುಗಿದು ದಪ್ಪ ಹೊಟ್ಟೆ ಶುರುವಾಗುವ ಜಾಗ, ಸ್ಪ್ರಿಂಗ್ ಕೂರುವ ಜಾಗ. ಪ್ರಚಾರದ (ಹಣ ಕೂಡಿಸುವ) ಪುಟಗಳು ಉದ್ದದ ಬಗ್ಗೆ ಮಾತ್ರ ಮಾತಾಡುತ್ತವೆ, ಏಕೆಂದರೆ ಸರಿಮಾಡಲು ಸುಲಭವಾದದ್ದು ಅದೊಂದೇ: ಸ್ಕ್ರೂ, ಸ್ಪ್ರಿಂಗ್, ತುಂಡು ನಳಿಗೆ ಏನಾದರೂ ಇಟ್ಟರೆ ಆಯಿತು. ತುದಿಯ ತೂತು ಹಾಗಲ್ಲ. ಒಮ್ಮೆ ಕೊರೆದದ್ದು ಕೊರೆದದ್ದೇ.

ಆ ತೂತೇ ಅಲುಗಾಟದ ಮೂಲ. ತೂತು 2.6 ಮಿ.ಮೀ., ರೀಫಿಲ್ ತುದಿ 2.3 ಇದ್ದರೆ 0.3 ಮಿ.ಮೀ. ಸಡಿಲ. ಪ್ರತಿ ಅಕ್ಷರಕ್ಕೂ ದಿಕ್ಕು ಬದಲಾದಾಗ ತುದಿ ಗೋಡೆಗೆ ಬಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದರಿಂದ ಕೈಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. 0.05ರಿಂದ 0.1 ಮಿ.ಮೀ. ಸಡಿಲ ಇದ್ದರೆ ಯಾರಿಗೂ ತಿಳಿಯದು. ಅದಕ್ಕಿಂತ ಬಿಗಿ ಮಾಡಲಾಗದು, ರೀಫಿಲ್ ತುದಿಗಳೇ ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತವೆ. ಅಂದಮೇಲೆ ಬದಲಾಗದ ಒಂದೇ ತೂತಿನ ಪೆನ್ನು ಹೆಚ್ಚು ಹೆಚ್ಚು ಆಕಾರ ಹಿಡಿಸಿದಷ್ಟೂ, ಅವುಗಳಲ್ಲಿ ಅತಿ ದಪ್ಪ ತುದಿಗೆ ಮಾತ್ರ ಸರಿ, ಉಳಿದವಕ್ಕೆ ಸಡಿಲ. “75”, “200” ಹೆಚ್ಚಾದಂತೆ ಪೆನ್ನು ಒಳ್ಳೆಯದಾಗುತ್ತದೆ ಎನ್ನುವುದು ಉಲ್ಟಾ ಲೆಕ್ಕ.

ಸೂಜಿ ತುದಿಯ ರೀಫಿಲ್‌ಗಳಲ್ಲಿ ಇನ್ನೊಂದು ತೊಂದರೆ. ಮುಂದಿನ ಸಣ್ಣ ಕೊಳವೆ ತೂತಿನ ಗೋಡೆಯನ್ನು ಮುಟ್ಟುವುದೇ ಇಲ್ಲ, ಹಿಡಿತ ಸಿಗಬೇಕಾದದ್ದು ಅದರ ಹಿಂದಿನ ದಪ್ಪ ಮೆಟ್ಟಿಲಿಗೆ. ಆ ಮೆಟ್ಟಿಲು ತೂತಿನೊಳಗೆ ಬಂದು ನಿಲ್ಲುವಷ್ಟು ರೀಫಿಲ್ ಮುಂದೆ ಬರದಿದ್ದರೆ ಅಲುಗಾಟ ಖಚಿತ.

ಪ್ರಚಾರಕರಿಗೆ ಹೀಗೆ ಕೇಳಿ: ತುದಿಯ ತೂತಿನ ವ್ಯಾಸ ಎಷ್ಟು, ಅದರ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಿಕೊಂಡ ಹೆಚ್ಚುಕಮ್ಮಿ) ಎಷ್ಟು, ಯಾವ ರೀಫಿಲ್ ಇಟ್ಟುಕೊಂಡು ಈ ಅಳತೆ ನಿಗದಿ ಮಾಡಿದಿರಿ? ಒಳ್ಳೆಯ ಯಂತ್ರದಲ್ಲಿ ±0.02ರಿಂದ 0.05 ಮಿ.ಮೀ. ಕಷ್ಟವಲ್ಲ. “ಎಲ್ಲದಕ್ಕೂ ಹೊಂದುವಂತೆ ವಿನ್ಯಾಸ ಮಾಡಿದ್ದೇವೆ” ಎಂಬ ಉತ್ತರ ಬಂದರೆ ಅಳತೆ ತೆಗೆದಿಲ್ಲ ಅಂತಲೇ ಲೆಕ್ಕ.

ಒಂದೇಕಡ್ಡಿ

ಇಷ್ಟೆಲ್ಲ ಯಾಕೆ? ಜಿ2 ಬರೆಯುವವರು ಜಿ2ಗಾಗಿಯೇ ಕೊರೆದ ಪೆನ್ನು ತೆಗೆದುಕೊಳ್ಳಲಿ. ಹೊಂದಿಸುವ ಭಾಗಗಳು ಹೆಚ್ಚಿದಷ್ಟೂ ಸಡಿಲವಾಗುವ ಭಾಗಗಳೂ ಹೆಚ್ಚು. ರೀಫಿಲ್ ಮೊದಲು, ಪೆನ್ನು ಆಮೇಲೆ. ಎರಡು ರೀಫಿಲ್ ಬೇಕಿದ್ದರೆ ಎರಡು ಪೆನ್ನು.

ಲೇತ್‌ಕೈ

ಒಂದೇಕಡ್ಡಿಯವರ ಮಾತು ಅರ್ಧ ಒಪ್ಪುತ್ತೇನೆ. ಆದರೆ ಚೆನ್ನಾಗಿ ಮಾಡಿದ ಕಾಲೆಟ್ ತುದಿಯ ಅಲುಗಾಟವನ್ನು ಪೂರ್ತಿ ಇಲ್ಲವಾಗಿಸುತ್ತದೆ, ಗಟ್ಟಿ ತೂತಿನಿಂದ ಅದು ಸಾಧ್ಯವಿಲ್ಲ. “ಚೆನ್ನಾಗಿ ಮಾಡಿದ” ಎಂಬಲ್ಲೇ ಕಷ್ಟ ಇರುವುದು.

ಸೀಳು ಕಾಲೆಟ್‌ನ ಬೆರಳುಗಳು ಒಂದು ನಿರ್ದಿಷ್ಟ ವ್ಯಾಸದಲ್ಲಿ ಮಾತ್ರ ಇಡೀ ಮೈಯಿಂದ ರೀಫಿಲ್ಲನ್ನು ಅಪ್ಪುತ್ತವೆ. ಆ ವ್ಯಾಸದಿಂದ ದೂರ ಸರಿದಷ್ಟೂ ಬೆರಳಿನ ಅಂಚು ಮಾತ್ರ ತಾಗುತ್ತದೆ. ಆಗ ರೀಫಿಲ್ ಒಂದು ಕಡೆ ವಾಲುತ್ತದೆ, ಇಲ್ಲವೇ ಬರೆಯುವಾಗ ಒಳಕ್ಕೆ ಜಾರುತ್ತದೆ. ಜಾರುತ್ತದೆ ಎಂದು ಇನ್ನಷ್ಟು ಬಿಗಿ ಮಾಡಿದರೆ ಜೆಲ್ ರೀಫಿಲ್‌ನ ಪ್ಲಾಸ್ಟಿಕ್ ಕೊಳವೆ ತುಸು ಅಮುಕಿಕೊಂಡು ಇಂಕಿನ ಹರಿವು ಕೆಡುತ್ತದೆ. ಕಾಲೆಟ್ ಕಚ್ಚಬೇಕಾದ್ದು ತುದಿಯ ಲೋಹವನ್ನು, ಕೊಳವೆಯನ್ನಲ್ಲ. ಪುಟದಲ್ಲಿ ಸೀಳಿ ತೋರಿಸಿದ ಚಿತ್ರ ಇದ್ದರೆ ಇದನ್ನೇ ನೋಡಿ. ಕಾಲೆಟ್‌ಗೆ ಟೈಟಾನಿಯಂ ಒಳ್ಳೆಯ ಆಯ್ಕೆಯೇ: ಗ್ರೇಡ್ 5 ಸುಮಾರು 114 ಗಿಗಾಪಾಸ್ಕಲ್ ಬಿಗಿತದ್ದು, ಸ್ಟೀಲ್‌ಗಿಂತ ಹೆಚ್ಚು ಬಳುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಮೆತ್ತನೆಯ ಹಿತ್ತಾಳೆಯ ಬೆರಳುಗಳು ದಿನ ಹೋದಂತೆ ಬಾಗಿದಲ್ಲೇ ನಿಂತುಬಿಡುತ್ತವೆ.

ಈಗ ಎರಡನೇ ಪೆನ್ನಿನ ಹಿಂಬದಿ ಸ್ಕ್ರೂ. 98 ಮತ್ತು 111ರ ನಡುವೆ 13 ಮಿ.ಮೀ. ವ್ಯತ್ಯಾಸ. 0.75 ಮಿ.ಮೀ. ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯುವ ದೂರ) ಇದ್ದರೆ 17 ಸುತ್ತಿಗೂ ಹೆಚ್ಚು ತಿರುಗಿಸಬೇಕು. ಅಷ್ಟು ಹೊರಬಂದ ಮೇಲೂ ಸ್ಕ್ರೂ ಒಳಗೆ ಕನಿಷ್ಠ 4–5 ಮಿ.ಮೀ. ಹಿಡಿದಿರಬೇಕು, ಅಂದರೆ 18 ಮಿ.ಮೀ. ಥ್ರೆಡ್ ಬೇಕು. ಚಿತ್ರದಲ್ಲಿ ಹಿಂಬದಿ ಭಾಗ ಅಷ್ಟು ಉದ್ದವಿದೆಯೇ ನೋಡಿ. ಇಲ್ಲದಿದ್ದರೆ ಪಾರ್ಕರ್ ಮಾದರಿಗೆ ಒಂದು ತುಂಡು ನಳಿಗೆಯನ್ನು ಜೊತೆಗೆ ಕೊಡುತ್ತಿದ್ದಾರೆ ಎಂದರ್ಥ. ಅದೇನೂ ತಪ್ಪಲ್ಲ. ಕಳೆದುಹೋದರೆ ಖಾಲಿ ಜೆಲ್ ರೀಫಿಲ್ ಕೊಳವೆಯಿಂದ 13 ಮಿ.ಮೀ. ಕತ್ತರಿಸಿಕೊಂಡರೆ ಕೆಲಸ ನಡೆಯುತ್ತದೆ.

ಬೋಲ್ಟ್ ಪೆನ್ನಿನಲ್ಲಿ ಬೋಲ್ಟ್ ಓಡುವ ದೂರವನ್ನೂ ಕೇಳಿ. ಹೊರಬಂದಾಗ ತುದಿ 2ರಿಂದ 3 ಮಿ.ಮೀ. ಕಾಣಬೇಕು, ಒಳಹೋದಾಗ ಪೂರ್ತಿ ಮರೆಯಾಗಬೇಕು. ಓಟ 4 ಮಿ.ಮೀ. ಮಾತ್ರ ಇದ್ದರೆ ಹೊಂದಾಣಿಕೆಗೆ ಒಂದೂವರೆ ಮಿಲಿಮೀಟರ್ ಸಹ ಉಳಿಯದು. ಹೊರಗೆ ಸರಿ ಹೋಗುವಂತೆ ಇಟ್ಟರೆ ಒಳಗೆ ಹೋದಾಗ ಇಣುಕುತ್ತದೆ, ಜೇಬಿಗೆ ಇಂಕು. 6 ಮಿ.ಮೀ. ಓಟ ಇದ್ದರೆ ನೆಮ್ಮದಿ. ಸ್ಕ್ರೂ ತಾನಾಗಿ ತಿರುಗದಂತೆ ಒಂದು ಓ-ರಿಂಗ್ (ರಬ್ಬರ್ ಉಂಗುರ) ಅಥವಾ ಎದುರು ಬಿಗಿಯುವ ಇನ್ನೊಂದು ಸ್ಕ್ರೂ ಇದೆಯೇ ಎಂಬುದೂ ಮುಖ್ಯ. ಬೋಲ್ಟ್‌ನ ಪ್ರತಿ ಬಡಿತಕ್ಕೂ ಅದು ಕೂದಲೆಳೆಯಷ್ಟು ಸಡಿಲವಾಗುತ್ತದೆ.

ಲೋಹದ ವಿಷಯ. ಪೆನ್ನಿನ ಲೋಹ 5 ಘನ ಸೆಂ.ಮೀ. ಎಂದಿಟ್ಟುಕೊಳ್ಳಿ. ಅಲ್ಯೂಮಿನಿಯಂ 6061ರಲ್ಲಿ 13.5 ಗ್ರಾಂ, ಗ್ರೇಡ್ 5 ಟೈಟಾನಿಯಂನಲ್ಲಿ 22, ಸ್ಟೇನ್‌ಲೆಸ್ 303ರಲ್ಲಿ 40, ಹಿತ್ತಾಳೆಯಲ್ಲಿ 42.5, ತಾಮ್ರದಲ್ಲಿ ಸುಮಾರು 45. ಇದರಿಂದ ಒಂದು ಪತ್ತೇದಾರಿ ಕೆಲಸ ಮಾಡಬಹುದು: ಒಂದೇ ವಿನ್ಯಾಸದ ಎರಡು ಲೋಹಗಳ ತೂಕ ಕೊಟ್ಟಿದ್ದರೆ, ರೀಫಿಲ್, ಸ್ಪ್ರಿಂಗ್, ಕ್ಲಿಪ್ಪಿನ ತೂಕ ಕಳೆದು ಅನುಪಾತ ನೋಡಿ. ಹಿತ್ತಾಳೆ–ಅಲ್ಯೂಮಿನಿಯಂ 3.15ರ ಹತ್ತಿರ, ಹಿತ್ತಾಳೆ–ಟೈಟಾನಿಯಂ 1.9ರ ಹತ್ತಿರ ಬರಬೇಕು. ತೀರಾ ದೂರ ಇದ್ದರೆ ಒಂದೋ ಒಳಭಾಗ ಬೇರೆ ಲೋಹದ್ದು, ಇಲ್ಲವೇ ತೂಕ ಕಂಪ್ಯೂಟರಿನ ಅಂದಾಜು, ಪೆನ್ನು ಇನ್ನೂ ತಕ್ಕಡಿ ಕಂಡಿಲ್ಲ.

ಒಂದೊಂದರ ಕಾಯಿಲೆ ಒಂದೊಂದು. ಟೈಟಾನಿಯಂಗೆ ಟೈಟಾನಿಯಂ ಉಜ್ಜಿದರೆ ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡು ಹರಿಯುತ್ತದೆ. ತಿರುಗಿಸುವಾಗ ಗರಗರ ಎಂದರೆ ಬಲ ಹಾಕಬೇಡಿ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬೆಂಕಿಕಡ್ಡಿ ತುದಿಗೆ ಹತ್ತುವಷ್ಟು ಸಿಲಿಕೋನ್ ಗ್ರೀಸ್ ಹಚ್ಚಿ. ಮುಚ್ಚಳ ದಿನಕ್ಕೆ ಹತ್ತಾರು ಬಾರಿ ತಿರುಗುವುದರಿಂದ ನಿಮ್ಮ ಮೊದಲ ಪೆನ್ನಿಗೆ ಇದು ಬೇಕೇ ಬೇಕು. ಆನೊಡೈಸ್ ಮಾಡಿದ (ವಿದ್ಯುತ್ತಿನಿಂದ ಮೇಲೆ ಗಟ್ಟಿ ಪದರ ಬೆಳೆಸಿದ) ಅಲ್ಯೂಮಿನಿಯಂ ಗೀರು ತಡೆಯುತ್ತದೆ, ಆದರೆ ಬಿದ್ದು ನೆಗ್ಗಿದಲ್ಲಿ ಬಣ್ಣ ಹೋಗುತ್ತದೆ, ಮತ್ತೆ ಹಚ್ಚಲಾಗದು. ಹಿತ್ತಾಳೆ ಕಪ್ಪಾಗುತ್ತದೆ, ಬೆವರು ನಿಂತಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಕೈಗೆ ವಾಸನೆ ಬರುತ್ತದೆ. ಲೇತ್ ಕೆಲಸಕ್ಕೆ ಹೆಚ್ಚಾಗಿ ಬಳಸುವ ಸಿ360 ಹಿತ್ತಾಳೆಯಲ್ಲಿ ಸುಮಾರು ಶೇ. 3 ಸೀಸ ಇರುತ್ತದೆ. ಪೆನ್ನಿನ ಹಿಂಬದಿ ಕಚ್ಚುವ ಅಭ್ಯಾಸದವರು ದೂರ ಇರುವುದು ವಾಸಿ. ಸ್ಟೇನ್‌ಲೆಸ್‌ನಲ್ಲಿ 303ಕ್ಕೆ ಗಂಧಕ ಸೇರಿಸಿರುವುದು ಸಲೀಸಾಗಿ ಕೊರೆಯಲು. ಅದೇ ಕಾರಣಕ್ಕೆ ಉಪ್ಪು ಬೆವರಿಗೆ 316ರಷ್ಟು ತಾಳುವುದಿಲ್ಲ.

ಕಂತುದಾರ

ಪೆನ್ನಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ಪ್ರಚಾರದ ಕಡೆ ನಾನು ಸೇರಿಸುತ್ತೇನೆ.

ಕ್ರೌಡ್‌ಫಂಡಿಂಗ್ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ ಕಡಿತವಾಗುತ್ತದೆ. ಇನ್ನೊಂದು ತಾಣ ಇಂಡಿಗೋಗೋದಲ್ಲಿ ಗುರಿ ಮುಟ್ಟದಿದ್ದರೂ ಬಂದಷ್ಟನ್ನು ಇಟ್ಟುಕೊಳ್ಳುವ ಬಗೆಯ ಪ್ರಚಾರಗಳೂ ನಡೆದಿವೆ, ಹಾಗಾಗಿ ಯಾವ ಬಗೆ ಎಂದು ಮೊದಲು ನೋಡಿ. ಐದು ಸಾವಿರ ಪೆನ್ನಿಗೆ ಸಾಲುವಷ್ಟು ಹಣ ಬೇಕಿದ್ದವರು ಸಾವಿರ ಪೆನ್ನಿನ ಹಣದಲ್ಲಿ ಕೆಲಸ ಶುರು ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ವಸ್ತು ತಯಾರಿಸುವ ಪ್ರಚಾರಗಳಲ್ಲಿ ನಿಜವಾದ ಮಾದರಿಯನ್ನೇ ತೋರಿಸಬೇಕು, ಕಂಪ್ಯೂಟರ್ ಬಿಡಿಸಿದ ಹೊಳೆಯುವ ಚಿತ್ರಗಳು ನಡೆಯವು ಎಂಬ ನಿಯಮವನ್ನು ಕಿಕ್‌ಸ್ಟಾರ್ಟರ್ 2012ರಲ್ಲೇ ತಂದಿತು. ಚಿತ್ರ ನಿಜವೋ ಎಂದು ತಿಳಿಯಲು ಥ್ರೆಡ್ ಶುರುವಾಗುವ ಜಾಗವನ್ನೂ ಕ್ಲಿಪ್ಪಿನ ಸ್ಕ್ರೂವನ್ನೂ ನೋಡಿ. ನಿಜ ಲೋಹದಲ್ಲಿ ಉಳಿಯ ಸಣ್ಣ ಗೆರೆಗಳಿರುತ್ತವೆ. ವಿಡಿಯೋದಲ್ಲಿ ರೀಫಿಲ್ ಬದಲಾಯಿಸುವುದನ್ನು ನಡುವೆ ಕತ್ತರಿಸದೆ ತೋರಿಸಿದ್ದಾರೆಯೇ? ಪಾರ್ಕರ್ ಮಾದರಿ ತೆಗೆದು ಜಿ2 ಹಾಕಿ, ಅದೇ ಉಸಿರಿನಲ್ಲಿ ಬರೆದು ತೋರಿಸಿದರೆ ನೂರು ಹೆಸರಿನ ಪಟ್ಟಿಗಿಂತ ಅದು ಮೇಲು. ಶಬ್ದವನ್ನೂ ಕೇಳಿ. ಹಿನ್ನೆಲೆ ಸಂಗೀತ ಹಾಕಿದ್ದರೆ ಟಕ್‌ಟಕ್ ಮುಚ್ಚಿಹೋಗುತ್ತದೆ.

ಒಳ್ಳೆಯ ಪೆನ್ನು ಬರುವುದಿಲ್ಲ ಎಂದಲ್ಲ, ತಡವಾಗುತ್ತದೆ ಎಂದು ಹಿಡಿದುಕೊಳ್ಳಿ. 2011ರ ಪೆನ್ ಟೈಪ್-ಎ ಇದಕ್ಕೆ ಹಳೆಯ ಉದಾಹರಣೆ. ಪೈಲಟ್ ಹೈಟೆಕ್-ಸಿ ರೀಫಿಲ್‌ಗೆಂದೇ ಮಾಡಿದ ಸ್ಟೇನ್‌ಲೆಸ್ ಪೆನ್ನು. ಗುರಿ 2,500 ಡಾಲರ್, ಬಂದದ್ದು 2,80,000 ಡಾಲರಿಗೂ ಹೆಚ್ಚು. ಕೆಲವೇ ಪೆನ್ನು ಮಾಡುವ ಅಂದಾಜಿನಲ್ಲಿ ಹೊರಟ ಕೆಲಸ ಸಾವಿರಾರಕ್ಕೆ ಬೆಳೆದಾಗ ಯಂತ್ರ, ಕೆಲಸಗಾರರು, ತಪಾಸಣೆ ಎಲ್ಲ ಬದಲಾಗುತ್ತವೆ. ಅದೂ ತಿಂಗಳುಗಟ್ಟಲೆ ತಡವಾಯಿತು. ಪೂರ್ತಿ ಕೈಕೊಟ್ಟವರೂ ಇದ್ದಾರೆ: ಕಿಕ್‌ಸ್ಟಾರ್ಟರ್ ಪ್ರಚಾರಗಳ ಬಗ್ಗೆ 2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದಲ್ಲಿ ಹಣ ಸೇರಿದ ಯೋಜನೆಗಳ ಪೈಕಿ ಶೇ. 9 ಮಾತಿನಂತೆ ವಸ್ತು ತಲುಪಿಸಿರಲಿಲ್ಲ.

ಹಣ ಹೆಚ್ಚು ಬಂದಂತೆ ಹೊಸ ಬಣ್ಣ, ಹೊಸ ಲೋಹ ಸೇರಿಸುತ್ತಾ ಹೋಗುವವರ ಬಗ್ಗೆ ಹುಷಾರು. ಅಲ್ಯೂಮಿನಿಯಂಗೆ ಹೊಂದಿಸಿದ ಕೊರೆಯುವ ವೇಗ, ಉಳಿ ಟೈಟಾನಿಯಂಗೆ ನಡೆಯುವುದಿಲ್ಲ. ಪ್ರತಿ ಲೋಹವೂ ಹೊಸ ಕೆಲಸವೇ. ಒಂದೇ ಲೋಹ, ಎರಡೇ ಬಣ್ಣ ಎನ್ನುವವರ ದಿನಾಂಕವನ್ನು ಹೆಚ್ಚು ನಂಬಬಹುದು. ಬಿಡಿ ಸ್ಪ್ರಿಂಗ್, ಓ-ರಿಂಗ್, ಕ್ಲಿಪ್ ಸ್ಕ್ರೂ ಆಮೇಲೆ ಪ್ರತ್ಯೇಕವಾಗಿ ಸಿಗುತ್ತವೆಯೇ, ಅವುಗಳ ಅಳತೆ ಪ್ರಕಟಿಸಿದ್ದಾರೆಯೇ ಎಂದು ಕೇಳಿಡಿ.

ಗೀಚುಗಾರ

ಎಲ್ಲರಿಗೂ ಧನ್ಯವಾದ. ಮೊದಲನೇ ಪೆನ್ನಿನವರಿಂದ ಉತ್ತರ ಬಂತು: ಕಾಲೆಟ್ ತುದಿಯ ಲೋಹವನ್ನೇ ಕಚ್ಚುತ್ತದೆ, 2.2ರಿಂದ 2.6 ಮಿ.ಮೀ.ವರೆಗೆ ಹಿಡಿತ ಸರಿ ಇರುತ್ತದೆ ಎಂದಿದ್ದಾರೆ. ಎರಡನೆಯವರು ಮತ್ತೆ ರೀಫಿಲ್ ಪಟ್ಟಿಯನ್ನೇ ಕಳಿಸಿದ್ದಾರೆ.

ಇನ್ನೆರಡು ಸಂದೇಹ. ಕೈಗೆ ಬಂದ ಮೇಲಿನ ಪರೀಕ್ಷೆ ಹೇಗೆ? ಮತ್ತೆ, ಪಾರ್ಕರ್ ಉದ್ದದ ಪೆನ್ನಿಗೆ ಪೈಲಟ್ ಜಿ2 ಕತ್ತರಿಸಿ ಹಾಕುತ್ತಾರಲ್ಲ, ಅದು ಸುರಕ್ಷಿತವೇ?

ವರ್ನಿಯರ್ ರಾಯ

ಬರೆಯಬೇಕಾದ ರೀಫಿಲ್ ಹಾಕಿ, ಪೆನ್ನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ, ಮಡಿಸಿದ ಕಾಗದ ಇಟ್ಟು, ನೇರವಾಗಿ ಒತ್ತಿ. ಬರೆಯುವಾಗ ತುದಿಯ ಮೇಲೆ ಬೀಳುವುದು ಸಾಮಾನ್ಯವಾಗಿ 100ರಿಂದ 200 ಗ್ರಾಂ. ಸ್ವಲ್ಪ ಹೆಚ್ಚಿಗೆ ಎಂದು 300 ಗ್ರಾಂವರೆಗೆ ಒತ್ತಿ, ಹತ್ತು ಸೆಕೆಂಡ್ ಬಿಡಿ. ಒತ್ತುವ ಮುಂಚೆ, ಒತ್ತಿದ ಮೇಲೆ ತುದಿ ಎಷ್ಟು ಹೊರಗಿದೆ ಎಂದು ವರ್ನಿಯರ್‌ನಲ್ಲಿ ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ಒಳಸರಿದಿದ್ದರೆ ಕಾಲೆಟ್ ಜಾರುತ್ತಿದೆ. ಒತ್ತಿದಾಗ ಒಳಹೋಗಿ, ಬಿಟ್ಟಾಗ ಹೊರಬಂದರೆ ಹಿಂಬದಿಯಲ್ಲಿ ಉದ್ದಕ್ಕೆಂದು ಇಟ್ಟ ಸ್ಪ್ರಿಂಗ್ ಮೆದು. ಕಾಲೆಟ್ ಜಾರಿದರೆ ಮೊದಲು ಆಲ್ಕೋಹಾಲ್‌ನಲ್ಲಿ ರೀಫಿಲ್ ತುದಿಯನ್ನೂ ಕಾಲೆಟ್ ಒಳಮೈಯನ್ನೂ ಒರೆಸಿ ಮತ್ತೊಮ್ಮೆ ನೋಡಿ. ಯಂತ್ರದ ಎಣ್ಣೆ ಉಳಿದಿರುವುದು ಬಹಳ ಸಾಮಾನ್ಯ, ಲೇತ್‌ಕೈ ಹೇಳಿದ ಗ್ರೀಸ್ ಕಾಲೆಟ್‌ಗೆ ತಾಗಿದರೂ ಇದೇ ಗತಿ.

ಅಲುಗಾಟಕ್ಕೆ: ತುದಿಯನ್ನು ಉಗುರಿನಿಂದ ಎಡಕ್ಕೆ, ಬಲಕ್ಕೆ ತಳ್ಳಿ. ಕಣ್ಣಿಗೆ ಕಾಣದೆ ಶಬ್ದ ಮಾತ್ರ ಬಂದರೆ ಬರೆಯುವಾಗ ಅಭ್ಯಾಸವಾಗಬಹುದು, ಕಣ್ಣಿಗೆ ಕಂಡರೆ ಆಗುವುದಿಲ್ಲ. ರೀಫಿಲ್ಲನ್ನು ಅದರ ಅಕ್ಷದ ಸುತ್ತ ಕಾಲುಭಾಗ ತಿರುಗಿಸಿ ಮತ್ತೆ ನೋಡಿ. ವಾಲುವ ದಿಕ್ಕು ರೀಫಿಲ್ ಜೊತೆಗೇ ತಿರುಗಿದರೆ ತಪ್ಪು ರೀಫಿಲ್‌ನದು, ಎಲ್ಲ ಕೋನದಲ್ಲೂ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಪೆನ್ನಿನದು. ಈ ಎರಡನೆಯದಕ್ಕೆ ಬದಲಿ ಭಾಗ ಕೇಳಬಹುದು.

ಸಮತೋಲಕ್ಕೆ ಪೆನ್ನನ್ನು ಒಂದು ಪೆನ್ಸಿಲ್ ಮೇಲೆ ಅಡ್ಡ ಇಟ್ಟು, ನಿಲ್ಲುವ ಬಿಂದು ತುದಿಯಿಂದ ಎಷ್ಟು ದೂರ ಎಂದು ನೋಡಿ. ಅದು ಒಟ್ಟು ಉದ್ದದ ನಡುವಿಗಿಂತ ತುಸು ಮುಂದಿದ್ದರೆ ಹೆಚ್ಚಿನ ಕೈಗಳಿಗೆ ಹಿತ. ಮುಚ್ಚಳವನ್ನು ಹಿಂದೆ ಸಿಕ್ಕಿಸಿಯೂ ಅಳೆಯಿರಿ, ಬಿಂದು ಒಂದೆರಡು ಸೆಂ.ಮೀ. ಹಿಂದೆ ಸರಿಯುವುದುಂಟು.

ಮುಚ್ಚಳಕ್ಕೆ ಓ-ರಿಂಗ್ ಇದ್ದು ಗಾಳಿ ಆಡದಷ್ಟು ಬಿಗಿ ಇದ್ದರೆ ತೆಗೆಯುವಾಗ ನಿಧಾನ. ಫಕ್ಕನೆ ಎಳೆದರೆ ಒಳಗೆ ಕ್ಷಣಕಾಲ ಒತ್ತಡ ಇಳಿದು ದ್ರವ ಇಂಕು ಹನಿಯಾಗಿ ಹೊರಬರಬಹುದು. ಪೆನ್ನಿನ ದೇಹದಲ್ಲಿ ಗಾಳಿ ಬರಲು ಎಲ್ಲಾದರೂ ದಾರಿ ಇರಬೇಕು ಎಂಬುದನ್ನೂ ಮರೆಯಬೇಡಿ. ಜೆಲ್ ರೀಫಿಲ್‌ನ ಹಿಂಬದಿ ಮುಚ್ಚಿರುವುದಿಲ್ಲ; ಇಂಕು ಖರ್ಚಾದಷ್ಟು ಗಾಳಿ ಹಿಂದಿನಿಂದ ಬಂದರೇನೇ ಹರಿವು. ಕೆಲವು ದಿನ ಚೆನ್ನಾಗಿ ಬರೆದು, ಆಮೇಲೆ ಗೆರೆ ಮಸುಕಾಗಿ, ಹಿಂಬದಿ ಬಿಚ್ಚಿದ ಕೂಡಲೇ ಮತ್ತೆ ಬರೆದರೆ ಕಾರಣ ಇದೇ.

ಇನ್ನು ಕತ್ತರಿಸುವುದು. ಪೈಲಟ್ ಜಿ2 ಪ್ಲಾಸ್ಟಿಕ್ ಕೊಳವೆ, ಕತ್ತರಿಸಬಹುದು. ಇಂಕಿನ ಹಿಂದೆ ತಿಳಿ ಬಣ್ಣದ ದಪ್ಪ ಗ್ರೀಸ್ ಕಾಣುತ್ತದೆ, ಇಂಕು ಹಿಂದಕ್ಕೆ ಹರಿಯದಂತೆ ತಡೆಯುವುದು ಅದೇ. ಕತ್ತರಿಸಿದ ಮೇಲೂ ಆ ಗ್ರೀಸಿನ ಹಿಂದೆ 3 ಮಿ.ಮೀ. ಖಾಲಿ ಕೊಳವೆ ಉಳಿಯಬೇಕು. ಹೊಸ ರೀಫಿಲ್‌ನಲ್ಲಿ ಅಷ್ಟು ಜಾಗ ಸಿಗದಿದ್ದರೆ ಮೂಲ ಪೆನ್ನಿನಲ್ಲೇ ಸ್ವಲ್ಪ ಬರೆದು ಖಾಲಿ ಮಾಡಿ, ಆಮೇಲೆ ಕೈ ಹಾಕಿ. ಕತ್ತರಿ ಬೇಡ, ಅದು ಕೊಳವೆಯನ್ನು ಚಪ್ಪಟೆ ಮಾಡುತ್ತದೆ. ರೀಫಿಲ್ಲನ್ನು ಮೇಜಿನ ಮೇಲೆ ಉರುಳಿಸುತ್ತಾ ಬ್ಲೇಡಿನಿಂದ ಸುತ್ತಲೂ ಗೆರೆ ಹಾಕಿ ತುಂಡು ಮಾಡಿ. ಮೊದಲು 11 ಮಿ.ಮೀ. ಮಾತ್ರ ತೆಗೆದು, ಪೆನ್ನಿನಲ್ಲಿಟ್ಟು ನೋಡಿ, ಆಮೇಲೆ ಅರ್ಧರ್ಧ ಮಿಲಿಮೀಟರ್ ಕಮ್ಮಿ ಮಾಡುತ್ತಾ ಬನ್ನಿ. ಕತ್ತರಿಸಿದ ಅಂಚಿನಲ್ಲಿ ಸಣ್ಣ ವಿ ಆಕಾರದ ಕಚ್ಚು ಹಾಕಿ, ಇಲ್ಲದಿದ್ದರೆ ಅದು ಪೆನ್ನಿನ ಹಿಂಗೋಡೆಗೆ ಚಪ್ಪಟೆಯಾಗಿ ಅಂಟಿ ಗಾಳಿ ದಾರಿ ಮುಚ್ಚುತ್ತದೆ. ಇಷ್ಟಾದರೂ ಉದ್ದ ಮಾತ್ರ ಸರಿಹೋಯಿತು. ಹೆಗಲಿನ ದೂರ ಪಾರ್ಕರ್‌ನದಲ್ಲ, ಆದ್ದರಿಂದ ಕ್ಲಿಕ್ ಪೆನ್ನಿನಲ್ಲಿ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು ಕ್ಲಿಕ್ ಬಿಗಿಯಾಗಬಹುದು. ಹಾಗಾದರೆ ಸ್ಪ್ರಿಂಗ್‌ನ ಒಂದು ಸುತ್ತು ಕಡಿಮೆ ಮಾಡಬೇಕಾಗುತ್ತದೆ.

ನಿಮ್ಮ ಕಾಲೆಟ್ ಪೆನ್ನಿನಲ್ಲಿ ಇದ್ಯಾವುದೂ ಬೇಕಾಗದು, ಒಳಗಿನ ಜಾಗ 111 ಮಿ.ಮೀ.ಗೆ ಸಾಲುತ್ತದೆಯೇ ಎಂದಷ್ಟೇ ಕೇಳಿ.

ಲೇತ್‌ಕೈ

ರಾಯರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸಿ: ಕತ್ತರಿಸುವ ಉಪಾಯ ಪ್ಲಾಸ್ಟಿಕ್ ಜೆಲ್ ಕೊಳವೆಗೆ ಮಾತ್ರ. ಫಿಶರ್ ರೀಫಿಲ್‌ನಲ್ಲಿ ಒತ್ತಡದ ನೈಟ್ರೊಜನ್ ತುಂಬಿರುತ್ತದೆ, ಅದಕ್ಕೆ ಗರಗಸ ತಾಗಿಸಬೇಡಿ. ಉದ್ದ ಬದಲಿಸಬೇಕಿದ್ದರೆ ಅದರ ಹಿಂದಿನ ಪ್ಲಾಸ್ಟಿಕ್ ಅಡಾಪ್ಟರನ್ನು ಮಾತ್ರ ಮುಟ್ಟಿ.